ಶನಿವಾರದ ಟ್ರೈನಿಂಗು

ವಾಸನೆಯನ್ನು ಮೊದಲು ಹಿಡಿದವಳು ಪಾರವ್ವ. ಶನಿವಾರ ಇಳಿಹೊತ್ತಿಗೆ ಮೊಮ್ಮಗಳು ಶೈಲಾ ಚಪ್ಪಲಿ ಬಿಟ್ಟು ಒಳಗೆ ನುಗ್ಗಿದಳೋ ಇಲ್ಲವೋ, ಹೊಸ್ತಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಮೂಗು ಅರಳಿಸಿದಳು.

"ಸುವರ್ಣಾ, ಈ ಹುಡುಗಿ ಮೈಯಾಗ ಏನೋ ನಾರತೈತಿ ನೋಡ."

"ಬೆವರಿರಬೇಕು ಬಿಡ್ರಿ ಅತ್ತಿ. ಬಿಸಲಾಗ ನಡದ ಬಂದಾಳ."

"ಬೆವರು ನನಗ ಗೊತ್ತಾಗೂದಿಲ್ಲೇನು? ಇದು ಫಿನಾಯಿಲು. ದವಾಖಾನಿ ವಾಸನಿ."

ಸುವರ್ಣಾ ಒಲೆಯ ಮುಂದಿಂದ ತಿರುಗಿ ನೋಡಿದಳು. ಮಗಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೈ ತೊಳೆಯುತ್ತಿದ್ದಳು. ಅಂಗೈ ಉಜ್ಜಿ, ಬೆರಳ ಸಂದಿ ಉಜ್ಜಿ, ಹೆಬ್ಬೆರಳು ತಿರುವಿ, ಮೊಣಕೈವರೆಗೂ ಸೋಪು. ಇಡೀ ಓಣಿಗೆ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಈ ಪರಿ ಕೈ ತೊಳೆಯುವವರನ್ನು ಸುವರ್ಣಾ ಕಂಡಿರಲಿಲ್ಲ.

ರೋಣದ ಕಡೆಯಿಂದ ಬಂದ ಈ ಸಂಸಾರ ಕೆಂಗೇರಿ ದಾಟಿ ಒಳಗೆ ಚಿಕ್ಕಹೊಸಪಾಳ್ಯದಲ್ಲಿ ಬಾಡಿಗೆಗಿತ್ತು. ಊರಿನ ಹೊಲಗಳೆಲ್ಲ ಲೇಔಟಾಗಿ ಕಲ್ಲು ನೆಟ್ಟಿದ್ದರೂ ಸ್ಕೂಲು ಮಾತ್ರ ಇನ್ನೂ ಹಳ್ಳಿ ಸ್ಕೂಲೇ: ಹೆಂಚಿನ ಕೋಣೆಗಳು, ಹುಣಸೆಮರ, ಸುತ್ತಲಿನ ಪಾಳ್ಯಗಳಿಂದ ನಡೆದು ಬರುವ ಮಕ್ಕಳು. ಸುವರ್ಣಾಳ ಗಂಡ ಫಕೀರೇಶ ಲಗೇಜ್ ಆಟೊ ಓಡಿಸುತ್ತಿದ್ದ. ಅವಳು ಮಾರೇನಹಳ್ಳಿಯ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದು ಹೋದರೆ ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಬರುತ್ತಿದ್ದಳು. ಅವಳಿಗೆ ಒಂದೇ ಹಂಬಲ. ಮಗಳು ಹತ್ತನೇ ಕ್ಲಾಸು ಚೆನ್ನಾಗಿ ಪಾಸಾಗಬೇಕು, ಪಿಯುಸಿಯಲ್ಲಿ ಸೈನ್ಸು ತಗೊಬೇಕು.

"ಇಷ್ಟೊತ್ತನ ಏನಿತ್ತ ಸ್ಕೂಲಾಗ?"

"ಹಿಂದಿ ಸ್ಪೆಷಲ್ ಕ್ಲಾಸು ಅಂತ ಹೇಳಿದ್ನಲ್ಲವ್ವಾ."

"ಪ್ರತಿ ಶನಿವಾರ?"

"ಹ್ಞೂಂ. ಪ್ರತಿ ಶನಿವಾರ."

ಉತ್ತರ ತಡವಿಲ್ಲದೆ ಬಂತು. ಅದೇ ಸುವರ್ಣಾಳಿಗೆ ಸರಿಬರಲಿಲ್ಲ. ಉಳಿದ ಯಾವ ಮಾತಿಗೂ ಈ ಹುಡುಗಿ ಎರಡು ಸಲ ಕೇಳದೆ ಬಾಯಿ ಬಿಡುವವಳಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಉದ್ದಕ್ಕೆ ಬಿಟ್ಟು ಬಣ್ಣ ಹಚ್ಚಿಕೊಳ್ಳುತ್ತಿದ್ದ ಉಗುರುಗಳನ್ನು ಶೈಲಾ ಬುಡದವರೆಗೆ ಕತ್ತರಿಸಿಕೊಂಡಿದ್ದಳು. ಶನಿವಾರ ಬೆಳಿಗ್ಗೆ ಬಳೆ ಬಿಚ್ಚಿಟ್ಟು ಹೋಗುತ್ತಿದ್ದಳು. ಬುತ್ತಿ ಕಟ್ಟಿಕೊಟ್ಟರೆ ಅರ್ಧ ಹಾಗೇ ವಾಪಸು. "ಯಾಕ ಉಣ್ಣಲಿಲ್ಲ?" ಅಂದರೆ "ಹೊತ್ತು ಸಿಗ್ಲಿಲ್ಲ." ಹಿಂದಿ ಕ್ಲಾಸಿನಲ್ಲಿ ಉಣ್ಣಲೂ ಹೊತ್ತಿರದಂಥ ಕೆಲಸ ಏನಿರುತ್ತದೆ?

"ನನಗ ಬ್ಯಾರೇನ ಅನಸ್ತೈತಿ," ಅಂದಳು ಪಾರವ್ವ, ಎಲೆಗೆ ಸುಣ್ಣ ಸವರುತ್ತ. "ಹದಿನೈದು ತುಂಬೇತಿ. ಕೈ ತೊಳಿಯೂದು, ಬಳಿ ಬಿಚ್ಚೂದು. ಯಾರ ಕಣ್ಣಿಗೆ ಚಂದ ಕಾಣಾಕ?"

"ಚಂದ ಕಾಣಾಕ ಬಳಿ ಹಾಕ್ತಾರ್ರಿ ಅತ್ತಿ, ಬಿಚ್ಚೂದಿಲ್ಲ."

"ಈಗಿನ ಮಂದೀದು ಎಲ್ಲಾ ಉಲ್ಟಾ."

ಸುವರ್ಣಾ ಗದರಿ ಸುಮ್ಮನಾಗಿಸಿದಳು. ಆದರೆ ಮಾತು ಒಳಗೆ ಹೋಗಿ ಕೂತುಬಿಟ್ಟಿತು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಗ ಕೈ ತಪ್ಪಿ ಎರಡು ಹರಿದವು.

ಅದಕ್ಕೆ ಸರಿಯಾಗಿ ಮನೆ ಓನರ್ ಬೋರಮ್ಮ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಯಿಂದ ಇಳಿದು ಬಂದಳು.

"ಸುವರ್ಣಾ, ತಪ್ಪು ತಿಳ್ಕೋಬೇಡ ಕಣಮ್ಮ. ಶನಿವಾರ ಮಲ್ಲತ್ತಹಳ್ಳಿಗೆ ಮಗಳ ಮನೆಗೆ ಹೋಗಿದ್ದೆ. ಕೆರೆ ಹಿಂದ್ಗಡೆ ರೋಡಲ್ಲಿ ನಿಮ್ ಶೈಲನ್ನ ನೋಡ್ದೆ. ಯಾವ್ದೋ ದೊಡ್ಡ ಗೇಟೊಳಗೆ ಹೋದ್ಲು. ಜೊತೇಲಿ ಇನ್ನೂ ಇಬ್ರು ಹುಡ್ಗೀರು. ನಾನೇನು ಹೇಳಲ್ಲಪ್ಪ. ನಾನೂ ಹೆಣ್ಣು ಹೆತ್ತೋಳು, ಅದಕ್ಕೇ ಹೇಳ್ದೆ."

ಅವತ್ತು ಸಂಜೆ ನಾಲ್ವರೂ ಊಟಕ್ಕೆ ಕೂತಾಗ ಸುವರ್ಣಾ ಮಗಳ ತಟ್ಟೆಗೆ ರೊಟ್ಟಿ ಹಾಕಿ, ಬದನೆಕಾಯಿ ಎಣ್ಣೆಗಾಯಿ ಬಡಿಸುವ ಸೌಟನ್ನು ಕೈಯಲ್ಲೇ ಹಿಡಿದು ಕೇಳಿದಳು.

"ಮಲ್ಲತ್ತಹಳ್ಳ್ಯಾಗ ಏನ ಹಿಂದಿ ಕಲಸ್ತಾರ?"

ಶೈಲಾಳ ಕೈ ತಟ್ಟೆಯ ಮೇಲೇ ನಿಂತಿತು. ಅವಳು ಅಪ್ಪನ ಕಡೆ ನೋಡಿದಳು. ಆ ನೋಟವನ್ನು ಸುವರ್ಣಾ ಬಿಡಲಿಲ್ಲ.

"ಅಪ್ಪನ ಮಾರಿ ಏನ ನೋಡ್ತಿ? ನನಗ ಹೇಳು."

"ನಾನು ಹಿಂದಿ ಓದ್ತಾ ಇಲ್ಲವ್ವಾ. ಒಂಬತ್ತನೇ ಕ್ಲಾಸಿಂದಾನೇ. ಹಿಂದಿ ಬದ್ಲು ಹೆಲ್ತ್ ಕೇರ್ ತಗೊಂಡಿದೀನಿ. ನಮ್ ಸ್ಕೂಲಲ್ಲಿ ವೊಕೇಶನಲ್ ಅಂತ ಇದೆ. ಕೈಕೆಲಸ ಕಲಿಸೋ ಸಬ್ಜೆಕ್ಟು. ಅದಕ್ಕೂ ಮಾರ್ಕ್ಸ್ ಇರತ್ತೆ."

"ಹೆಲ್ತ್ ಕೇರ್ ಅಂದ್ರ?"

"ಪೇಶೆಂಟ್‌ನ ನೋಡ್ಕೊಳ್ಳೋದು. ಬೆಡ್ ಹಾಕೋದು, ಪಲ್ಸ್ ನೋಡೋದು, ಮಲಗಿದೋರನ್ನ ಪಕ್ಕಕ್ಕೆ ತಿರುಗ್ಸೋದು..."

ಪಾರವ್ವ ತುತ್ತು ಕೆಳಗಿಟ್ಟಳು. "ಮಂದಿ ಉಚ್ಚಿ ಹೇಲು ಬಳಿಯೂದು ಕಲಸಾಕ ಸರಕಾರ ಸಾಲಿ ಯಾಕ ಇಡಬೇಕು? ಅದನ್ನ ನಾವು ಹುಟ್ಟಿದಾಗಿಂದ ಮಾಡಾಕತ್ತೇವಿ!"

"ಯವ್ವಾ, ನೀ ಉಣ್ಣು," ಅಂದ ಫಕೀರೇಶ.

ಸುವರ್ಣಾ ಗಂಡನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತು."

"ಸೈನು ಬೇಕು ಅಂದ್ಲು. ಹಾಕಿದೆ. ಹಿಂದ್ಯಾಗ ಆಕಿಗೆ ಮಾರ್ಕ್ಸ ಬರ್ತಿದ್ದಿಲ್ಲ. ಅದರಾಗೇನೈತಿ?"

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹಿಂಗ ಮಾಡ್ತಿ ಅಂತನ ಹೇಳಲಿಲ್ಲ."

ಎಣ್ಣೆಗಾಯಿ ಯಾರಿಗೂ ರುಚಿಸಲಿಲ್ಲ. ಫಕೀರೇಶನಿಗೆ ಗೊತ್ತಿತ್ತು, ತನ್ನ ಹೆಂಡತಿ ಹೀಗೆ ಸಿಡಿಯುವುದಕ್ಕೆ ಕಾರಣವುಂಟು ಅಂತ. ಮದುವೆಗೆ ಮೊದಲು, ಬೆಂಗಳೂರಿಗೆ ಬಂದ ಹೊಸದರಲ್ಲಿ, ಸುವರ್ಣಾಳನ್ನು ಒಂದು ನರ್ಸಿಂಗ್ ಹೋಮಿನವರು "ನರ್ಸ್ ಟ್ರೈನಿಂಗ್ ಕೊಡ್ತೀವಿ" ಅಂತಲೇ ಕರೆದುಕೊಂಡು ಹೋಗಿದ್ದರು. ಬಿಳಿ ಕೋಟನ್ನೂ ಕೊಟ್ಟಿದ್ದರು. ಆ ಕೋಟು ಹಾಕಿಕೊಂಡೇ ಅವಳು ವರ್ಷಗಟ್ಟಲೆ ನೆಲ ಒರೆಸಿದಳು, ಬೆಡ್‌ಪ್ಯಾನು ತೊಳೆದಳು. ಟ್ರೈನಿಂಗು ಯಾವಾಗ ಅಂತ ಕೇಳಿದ ದಿನ ಕೋಟು ಬಿಚ್ಚಿಸಿ ಕಳಿಸಿದರು.

"ಆ ಕೋಟು ಈಕಿಗೂ ಹಾಕ್ತಾರ," ಅಂದಳು ಸುವರ್ಣಾ, ಪಾತ್ರೆ ಬಳಿಯುತ್ತ. "ಬಡವರ ಮಕ್ಕಳು ಕೈಕೆಲಸ ಕಲಿಬೇಕು. ಹೆಡ್ ಮಾಸ್ತರ ಮಕ್ಕಳು ಸೈನ್ಸು ಓದಬೇಕು. ನನಗೇನು ತಿಳಿಯೂದಿಲ್ಲಂತ ಮಾಡೀರೇನು?"

ಮರುದಿನವೇ ಖಾನಾವಳಿಯಿಂದ ಬೇಗ ಬಿಡಿಸಿಕೊಂಡು ಸ್ಕೂಲಿಗೆ ಹೋದಳು. ಹೆಡ್ ಮಾಸ್ಟರು ಮೀಟಿಂಗಿಗೆ ಹೋಗಿದ್ದರು. ಹೆಲ್ತ್ ಕೇರ್ ಕಲಿಸುವ ಲತಾ ಮಿಸ್ ಮೂಲೆಯ ಕೋಣೆಯಲ್ಲಿದ್ದಳು. ಅಲ್ಲಿ ನಿಜವಾದ ಆಸ್ಪತ್ರೆ ಮಂಚ, ಅದರ ಮೇಲೆ ಮನುಷ್ಯನಷ್ಟೇ ದೊಡ್ಡ ಗೊಂಬೆ ಮಲಗಿತ್ತು. ಗೊಂಬೆಯ ಹೊದಿಕೆಯ ಮೂಲೆಗಳನ್ನು ಅಚ್ಚುಕಟ್ಟಾಗಿ ಮಡಿಸಿ ಹಾಸಿಗೆಯ ಕೆಳಗೆ ಸೇರಿಸಿದ್ದರು.

"ಇದು ಶೈಲಾನೇ ಹಾಕಿರೋ ಬೆಡ್ ಆಂಟಿ. ಕ್ಲಾಸಿಗೇ ಫಸ್ಟ್ ನಿಮ್ ಹುಡುಗಿ," ಅಂದಳು ಲತಾ. ವಯಸ್ಸು ಮೂವತ್ತರ ಆಚೆಗಿರಲಿಲ್ಲ.

"ನನ್ನ ಮಗಳು ಹಾಸಿಗಿ ಹಾಸೂದರಾಗ ಫಸ್ಟ್ ಬರೂದು ಬ್ಯಾಡ್ರಿ ಮಿಸ್. ಶನಿವಾರ ಆಕಿನ್ನ ಮಲ್ಲತ್ತಹಳ್ಳಿಗೆ ಯಾಕ ಕಳಸ್ತೀರಿ, ಅದನ್ನ ಹೇಳ್ರಿ."

ಲತಾ ಮಿಸ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ಕಳಿಸ್ತಿಲ್ಲ ಆಂಟಿ. ವೃದ್ಧರನ್ನ ನೋಡ್ಕೊಳ್ಳೋ ಸೆಂಟರ್ ಅದು. ಸ್ಕೂಲಿಂದ ಒಂದ್ಸಲ ಎಲ್ರನ್ನೂ ಕರ್ಕೊಂಡು ಹೋಗಿ ತೋರ್ಸಿದ್ದೆ ಅಷ್ಟೆ."

"ಮತ್ತ ಆಮ್ಯಾಲೆ ಹೋಗಿದ್ದು?"

"ಅದು ಮಕ್ಕಳೇ..."

"ನಿಮಗ ಗೊತ್ತೇ ಇಲ್ಲೇನು?"

ಲತಾ ಗೊಂಬೆಯ ಹೊದಿಕೆಯನ್ನು, ಸರಿಯಾಗೇ ಇದ್ದದ್ದನ್ನು, ಇನ್ನೊಮ್ಮೆ ಸರಿಮಾಡಿದಳು. "ಆಂಟಿ, ದಯವಿಟ್ಟು ಕಂಪ್ಲೇಂಟ್ ಅಂತ ಮೇಲೆ ಹೋಗ್ಬೇಡಿ. ಈ ಸಬ್ಜೆಕ್ಟಿಗೆ ಮಕ್ಕಳೇ ಕಮ್ಮಿ. ಗಲಾಟೆ ಆದ್ರೆ ಕ್ಲೋಸ್ ಮಾಡ್ಬಿಡ್ತಾರೆ. ಹತ್ತನೇ ಕ್ಲಾಸ್ ನಡುವಲ್ಲಿ ನಿಮ್ ಹುಡುಗಿ ಮತ್ತೆ ಹಿಂದಿ ಬರೀಬೇಕಾಗತ್ತೆ. ನಾನೂ ಗುತ್ತಿಗೆಯವಳು. ನನ್ನ ಯಾರು ಕೇಳ್ತಾರೆ?"

ಸುವರ್ಣಾಳಿಗೆ ಅವಳ ಮೇಲೆ ಒಂದು ಗಳಿಗೆ ಕನಿಕರ ಹುಟ್ಟಿತು, ಆಮೇಲೆ ಅದರ ಮೇಲೇ ಸಂಶಯ ಬಂತು. ಕೇಳಿದ್ದಕ್ಕೆ ಉತ್ತರ ಕೊಡದೆ ಕೇಳದ್ದನ್ನು ಹೇಳುವವರು ಏನೋ ಮುಚ್ಚಿಡುತ್ತಾರೆ.

ಶನಿವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ಕೆಂಗೇರಿಯಿಂದ ಬಸ್ಸು ಹಿಡಿದು ಮಲ್ಲತ್ತಹಳ್ಳಿ ಕೆರೆಯ ಹಿಂದಿನ ರಸ್ತೆಗೆ ಬಂದಳು. ದೊಡ್ಡ ಗೇಟಿನ ಪಕ್ಕದ ಕಲ್ಲಿನ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಚೀಲ ತಬ್ಬಿಕೊಂಡು ಕೂತಿದ್ದಳು.

"ಒಳಗೆ ಯಾರನ್ನ ನೋಡ್ಬೇಕು?" ಅಂತ ಕೇಳಿದಳು ಆ ಹೆಂಗಸು.

"ಸಾಲಿ ಹುಡುಗ್ಯಾರು ಬರತಾರಂತ..."

"ಓ, ಆ ಟ್ರೈನಿಂಗ್ ಹುಡ್ಗೀರಾ." ಹೆಂಗಸು ಮುಖ ತಿರುವಿದಳು. "ನಾನಿಲ್ಲಿ ಆಯಾ. ನರಸಮ್ಮ ಅಂತ. ಅವ್ರು ಬಂದ ಮೇಲೆ ಶನಿವಾರ ನಂಗೆ ಕೆಲ್ಸ ಇಲ್ಲ. ಬರ್ಬೇಡ ಅಂದ್ಬಿಟ್ರು. ಆದ್ರೂ ಅವ್ರು ಒಳಗೆ ಹೋದ್ಮೇಲೆ ಬಂದು ಸ್ವಲ್ಪ ಹೊತ್ತು ಕೂತಿರ್ತೀನಿ, ಯಾವತ್ತಾದ್ರೂ ಒಬ್ಳು ಬರ್ದೆ ಇದ್ರೆ ಕರೀತಾರೇನೋ ಅಂತ. ಮಕ್ಕಳ ತಾಯಂದಿರಿಗೆ ಗೊತ್ತಿರಲ್ವಾ, ಇಲ್ಲಿ ಏನ್ ಮಾಡಿಸ್ತಾರೆ ಅಂತ?"

ಸುವರ್ಣಾ ಗೇಟು ದೂಡಿ ಒಳಗೆ ಹೋದಳು. ಉದ್ದನೆಯ ಹಾಲಿನಲ್ಲಿ ಎರಡು ಸಾಲು ಮಂಚಗಳು. ಒಬ್ಬ ಹುಡುಗಿ ನೆಲ ಒರೆಸುತ್ತಿದ್ದಳು. ಇನ್ನೊಬ್ಬಳು ಬಕೆಟ್ಟಿನಲ್ಲಿ ಕೊಳೆ ಬಟ್ಟೆ ಹೊತ್ತೊಯ್ಯುತ್ತಿದ್ದಳು. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿಗೆ ಶೈಲಾ ಗಂಜಿ ಕುಡಿಸುತ್ತಿದ್ದಳು. ಮೈಮೇಲೆ ಅಳತೆಗೆ ದೊಡ್ಡದಾದ ಬಿಳಿ ಕೋಟು.

ಕೋಟು ನೋಡಿ ಸುವರ್ಣಾ ಮಗಳ ಕಡೆ ಎರಡು ಹೆಜ್ಜೆ ಹಾಕಿದಳು. ಆದರೂ ಕೂಗಲಿಲ್ಲ, ಕಂಬದ ಮರೆಯಲ್ಲಿ ನಿಂತಳು.

ಅಜ್ಜಿ ಬಾಯಿ ಬಿಗಿಹಿಡಿದಿದ್ದಳು. "ಇದರಲ್ಲಿ ಏನ್ ಹಾಕಿದೀರ?"

"ಉಪ್ಪು ಅಷ್ಟೆ ಅಜ್ಜಿ. ನೋಡಿ, ನಾನೂ ತಿಂತೀನಿ." ಶೈಲಾ ಬೇರೆ ಚಮಚದಲ್ಲಿ ಒಂದು ಗುಟುಕು ಕುಡಿದು ತೋರಿಸಿದಳು. ಅಜ್ಜಿ ಅವಳ ಗಂಟಲು ಇಳಿಯುವುದನ್ನೇ ನೋಡಿ, ಆಮೇಲೆ ಬಾಯಿ ತೆರೆದಳು. ಶೈಲಾ ಒಂದೊಂದೇ ಚಮಚ, ಅಜ್ಜಿ ನುಂಗುವವರೆಗೂ ಕಾದು ಕಾದು ಕುಡಿಸಿದಳು. ಮನೆಯಲ್ಲಿ ಪಾರವ್ವನಿಗೆ ಒಂದು ಲೋಟ ನೀರು ಕೊಡಲು ಎರಡು ಸಲ ಕೂಗಿಸಿಕೊಳ್ಳುವ ಹುಡುಗಿ.

"ಯಾರಮ್ಮಾ ನೀವು?" ಹಿಂದಿನಿಂದ ದನಿ ಬಂತು. ಇಸ್ತ್ರಿ ಅಂಗಿಯ ಮ್ಯಾನೇಜರ್ ಬಸವಕುಮಾರ್.

"ಆ ಹುಡುಗಿ ತಾಯಿ."

"ಓಹೋ, ಬನ್ನಿ ಬನ್ನಿ. ಒಳ್ಳೆ ಹುಡುಗಿ. ಪ್ರಾಕ್ಟೀಸ್ ಆಗ್ತಾ ಇದೆ. ಮುಂದೆ ನಾವೇ ಸರ್ಟಿಫಿಕೇಟ್ ಕೊಡ್ತೀವಿ, ದೊಡ್ಡ ಆಸ್ಪತ್ರೆಲೆಲ್ಲಾ ಕೆಲಸ ಸಿಗತ್ತೆ."

"ನೆಲಾ ವರಸೂದೂ ಪ್ರಾಕ್ಟೀಸೇನ್ರಿ?"

"ಹೈಜೀನ್ ಅದು. ಎಲ್ಲದಕ್ಕಿಂತ ಮೊದಲು ಕಲೀಬೇಕಾಗಿರೋದೇ ಅದು."

ಅಷ್ಟರಲ್ಲಿ ಶೈಲಾ ತಿರುಗಿ ನೋಡಿದಳು. ಸುವರ್ಣಾ ಹೋಗಿ ಮಗಳ ಮೈಮೇಲಿನ ಕೋಟು ತಾನೇ ಬಿಚ್ಚಿ ಮಂಚದ ಕಂಬಿಗೆ ಹಾಕಿ, ರಟ್ಟೆ ಹಿಡಿದು ಹೊರಟಳು. ಮನೆಗೆ ಬಂದ ಮೇಲೆ ಮಾತು ಕಟ್ಟೆ ಒಡೆಯಿತು.

"ಎಲ್ಲರ ಮುಂದೆ ಯಾಕೆ ಎಳ್ಕೊಂಡು ಬಂದೆ? ಅಜ್ಜಿ ಇನ್ನೂ ಅರ್ಧ ಗಂಜೀನೂ ಕುಡಿದಿರ್ಲಿಲ್ಲ!"

"ನಿನ್ನ ಪುಕ್ಕಟೆ ದುಡಿಸಾಕತ್ತಾನವಾ! ಹೊರಗ ಆ ಆಯಾ ಕೆಲಸಿಲ್ಲದ ಕುಂತಾಳ. ನೀ ಒಳಗ ಆಕಿ ಕೆಲಸ ಮಾಡಾಕತ್ತಿ. ತಿಳೀತೇನು?"

ನರಸಮ್ಮನ ಸುದ್ದಿ ಶೈಲಾಳಿಗೆ ಹೊಸದು. "ರಜದಲ್ಲಿದಾರೆ ಅಂದಿದ್ರು..."

"ಯಾರಂದ್ರು?"

"ಬಸವಕುಮಾರ್ ಸಾರು."

"ಆಂವ ಇನ್ನೇನೇನ ಅಂದಾನ?"

"ಬಿಪಿ ನೋಡೋದು ಕಲಿಸ್ತೀನಿ ಅಂದಿದಾರೆ. ಇಂಜೆಕ್ಷನ್ ರೆಡಿ ಮಾಡೋದು ತೋರಿಸ್ತೀನಿ ಅಂದಿದಾರೆ."

"ತೋರಿಸ್ಯಾನೇನು?"

"ಮುಂದಿನ ವಾರ ಅಂದ್ರು."

"ಹೋದ ವಾರ ಏನಂದಿದ್ದ?"

ಶೈಲಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು.

ಆ ವಾರ ಮನೆಯಲ್ಲಿ ಮಾತೆಲ್ಲ ಪಾರವ್ವನ ಮೂಲಕ ನಡೆಯಿತು. "ಅಜ್ಜಿ, ಅವ್ವಂಗೆ ಹೇಳು, ಹಿಟ್ಟು ತೀರಿದೆ." "ನಿಮ್ಮ ಮೊಮ್ಮಗಳಿಗೆ ಹೇಳ್ರಿ ಅತ್ತಿ, ಬಟ್ಟಿ ಮಡಚಿಡಾಕ." ಶೈಲಾ ರೊಟ್ಟಿ ಮುಟ್ಟದೆ ಅನ್ನ ಸಾರು ಉಂಡು ಎದ್ದಳು. ಫಕೀರೇಶ ನಡುವೆ ಸಿಕ್ಕಿಕೊಂಡು ಆಟೊ ತೊಳೆಯುವ ನೆಪದಲ್ಲಿ ಹೊರಗೇ ಇರುತ್ತಿದ್ದ.

"ಹಿಂದಿ ಮಾಸ್ತರನ್ನ ಹಚ್ಚೂಣೇನು ಆಕಿಗೆ?" ಅಂತ ಒಮ್ಮೆ ಕೇಳಿದ.

"ಆಕಿ ಕಲಿಯೂದು ತಪ್ಪಲ್ಲ," ಅಂದಳು ಸುವರ್ಣಾ. ತನ್ನ ಬಾಯಿಂದ ಈ ಮಾತು ಬಂದದ್ದಕ್ಕೆ ತಾನೇ ಬೆಚ್ಚಿದಳು. ಕಂಬದ ಮರೆಯಿಂದ ಕಂಡದ್ದು ಕಣ್ಣಿಂದ ಹೋಗಿರಲಿಲ್ಲ. "ಆಕಿ ಆ ಮುದುಕಿಗೆ ಗಂಜಿ ಕುಡಿಸೂದು ನೀವು ನೋಡಬೇಕಿತ್ತು. ಆದ್ರ ಕಲಸತೇವಂತ ಹೇಳಿ ದುಡಿಸೂದು... ಅದನ್ನ ನಾ ಬಿಡೂದಿಲ್ಲ."

ಒಳಗೆ ಹೋಮ್‌ವರ್ಕ್ ಮಾಡುತ್ತಿದ್ದ ಶೈಲಾಳಿಗೆ ಅದು ಕೇಳಿಸಿತು. ಶುಕ್ರವಾರ ಸಂಜೆ ಅವಳು ತಾಯಿಯ ಪಕ್ಕ ಬಂದು ಕೂತು ಮೆಂತ್ಯಸೊಪ್ಪು ಬಿಡಿಸತೊಡಗಿದಳು.

"ಅವ್ವಾ, ನಾಳೆ ಹೋಗೋಣ. ನೀನೂ ಬಾ. ಲತಾ ಮಿಸ್ಸೂ ಬರ್ತಾರೆ, ನಾನೇ ಕರೆದಿದೀನಿ."

"ಯಾಕ?"

"ನಾನೇ ಕೇಳ್ತೀನಿ ಸಾರ್‌ನ. ನೀ ಸುಮ್ನೆ ನಿಂತಿರು."

"ಆ ಮಿಸ್ ನಂಬಾಕ ಬರೂದಿಲ್ಲ ಶೈಲಾ. ಆಕಿಗೆ ಎಲ್ಲಾ ಗೊತ್ತಿತ್ತು."

"ಗೊತ್ತಿತ್ತಂತೆ. ಅವ್ರೇ ಹೇಳಿದ್ರು. ಮುಂದಿನ ವರ್ಷ ಸ್ಕೂಲಲ್ಲಿ ಕೆಲಸ ಹೋದ್ರೆ ಇಲ್ಲಿ ಸೂಪರ್‌ವೈಸರ್ ಮಾಡ್ಕೋತೀನಿ ಅಂದಿದ್ನಂತೆ ಆ ಮ್ಯಾನೇಜರ್. ಅದಕ್ಕೆ ಸುಮ್ನಿದ್ರಂತೆ. ಹೇಳ್ತಾ ಅತ್ತುಬಿಟ್ರು."

"ಅಳೂದಕ್ಕೇನು, ಯಾರರೆ ಅಳತಾರ," ಅಂದಳು ಪಾರವ್ವ ಮೂಲೆಯಿಂದ. ಸುವರ್ಣಾ ಮಾತ್ರ ಬಿಡಿಸಿದ ಸೊಪ್ಪನ್ನು ಮೊರದಲ್ಲಿ ಹರವಿದಳು.

ಮರುದಿನ ಮೂವರನ್ನೂ ಒಟ್ಟಿಗೆ ನೋಡಿದ ಬಸವಕುಮಾರನ ಮುಖದ ನಗು ಅರ್ಧಕ್ಕೇ ನಿಂತಿತು. "ಏನ್ ಮೇಡಂ, ಇವತ್ತು ನೀವೇ ಬಂದ್ಬಿಟ್ರಿ?"

ಲತಾ ಬಾಯಿ ತೆರೆಯುವ ಮೊದಲೇ ಶೈಲಾ ಮುಂದೆ ಬಂದಳು. "ಸಾರ್, ಬಿಪಿ ನೋಡೋದು ಇವತ್ತು ಕಲಿಸ್ತೀರಾ?"

"ಕಲಿಸೋಣ ಕಣಮ್ಮ. ಇವತ್ತು ಸಿಸ್ಟರ್ ಬಂದಿಲ್ಲ. ಮುಂದಿನ ವಾರ..."

"ಯಾವ ಸಿಸ್ಟರ್ ಸಾರ್? ನಾನು ಬಂದಾಗಿಂದ ಒಬ್ಬ ಸಿಸ್ಟರನ್ನೂ ನೋಡಿಲ್ಲ. ಮಲಗಿದೋರನ್ನ ನೋವಾಗ್ದಂಗೆ ಎತ್ತೋದು ನಂಗೆ ಹೇಳಿಕೊಟ್ಟಿದ್ದು ನರಸಮ್ಮ ಆಂಟಿ, ಮೊದಲ್ನೇ ದಿನ. ಅವ್ರನ್ನೇ ನೀವು ಬರ್ಬೇಡ ಅಂದಿದೀರ. ಹಂಗಾದ್ರೆ ಇಲ್ಲಿ ನಂಗೆ ಕಲಿಸೋರು ಯಾರು?"

ಬಸವಕುಮಾರ್ ಲತಾ ಕಡೆ ನೋಡಿದ. "ಇದೆಲ್ಲ ಏನ್ ಮೇಡಂ? ನಿಮ್ಮ ಬಗ್ಗೆ ಯೋಚನೆ ಮಾಡಿದ್ವಲ್ಲ ನಾವು."

"ನನ್ನ ಬಗ್ಗೆ ಯೋಚನೆ ಮಾಡ್ಬೇಡಿ," ಅಂದಳು ಲತಾ. ಮಾತು ಮೆಲ್ಲಗಿತ್ತು. "ನಮ್ಮ ಮಕ್ಕಳು ಇನ್ಮೇಲೆ ಬರಲ್ಲ. ಹೆಡ್ ಮಾಸ್ಟರಿಗೆ ನಾನೇ ಹೇಳ್ತೀನಿ, ನನ್ನ ತಪ್ಪೂ ಸೇರಿಸಿ."

ಸುವರ್ಣಾ ಅವಳ ಮುಖವನ್ನೇ ದಿಟ್ಟಿಸಿದಳು. ಇದರಲ್ಲೂ ಏನಾದರೂ ಇದೆಯೇ ಅಂತ ಹುಡುಕಿದಳು. ಬೆವರು ಮತ್ತು ಹೆದರಿಕೆ ಬಿಟ್ಟು ಬೇರೇನೂ ಕಾಣಲಿಲ್ಲ. ಇನ್ನಿಬ್ಬರು ಹುಡುಗಿಯರೂ ಕೋಟು ಬಿಚ್ಚಿ ಚೀಲ ತಗೊಂಡು ಬಂದರು.

ಹೊರಡುವಾಗ ಕಿಟಕಿ ಪಕ್ಕದ ಅಜ್ಜಿ ಕೈ ಎತ್ತಿದಳು. "ಏ ಹುಡುಗಿ, ಗಂಜಿ?"

ಶೈಲಾ ನಿಂತಳು. ಸುವರ್ಣಾ ಅವಳನ್ನು ಈ ಸಲ ಎಳೆಯಲಿಲ್ಲ. ಶೈಲಾ ಹೊರಗೆ ಓಡಿ ಗೇಟಿನ ಬಳಿ ಕೂತಿದ್ದ ನರಸಮ್ಮನ ಕೈ ಹಿಡಿದು ಕರೆತಂದಳು. "ಆಂಟಿ, ಮೊದಲು ನೀವು ಒಂದು ಚಮಚ ಕುಡಿದು ತೋರಿಸಿ. ಆಮೇಲೆ ಕುಡೀತಾರೆ." ಮ್ಯಾನೇಜರು ಬೇಡ ಅನ್ನಲಿಲ್ಲ. ಕೆಲಸಕ್ಕೆ ಹಾಲಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಗಲಾಟೆ ಆಗಿಯೇ ಆಯಿತು. ಹೆಡ್ ಮಾಸ್ಟರು ಲತಾಳನ್ನು ನಿಲ್ಲಿಸಿಕೊಂಡು ಬೈದರು, ಸುವರ್ಣಾಳನ್ನೂ ಕರೆಸಿ "ನೀವು ಮೊದಲೇ ಹೇಳಬಾರದಿತ್ತೇನಮ್ಮ" ಅಂದರು. "ನೀವು ಮೊದಲೇ ನೋಡಬಾರದಿತ್ತೇನ್ರಿ ಸರ" ಅಂದಳು ಅವಳು. ಸಬ್ಜೆಕ್ಟು ಮುಚ್ಚಲಿಲ್ಲ. ಪ್ರಾಕ್ಟೀಸಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸ್ಕೂಲಿನ ಹೊತ್ತಿನಲ್ಲೇ, ಲತಾ ಜೊತೆಗಿದ್ದು ಕರೆದೊಯ್ಯಬೇಕು ಅಂತ ಆಯಿತು. ಮೊದಲ ದಿನ ಸುವರ್ಣಾ ಆರೋಗ್ಯ ಕೇಂದ್ರದ ಕಿಟಕಿಗೆ ಮುಖ ಒತ್ತಿ ನಿಂತಳು. ಅಲ್ಲಿಯ ಸಿಸ್ಟರು ಶೈಲಾಳ ಕೈಗೆ ಬಿಪಿ ಯಂತ್ರದ ಪಟ್ಟಿ ಕೊಟ್ಟು, ತಪ್ಪು ಸುತ್ತಿದಾಗ ಬಿಚ್ಚಿಸಿ ಮತ್ತೆ ಸುತ್ತಿಸಿದಳು. ಅದನ್ನು ಕಂಡ ಮೇಲೇ ಸುವರ್ಣಾ ಅಲ್ಲಿಂದ ಹೊರಟದ್ದು. ಮರುವಾರವೂ ಒಮ್ಮೆ ಹಾಗೇ ಹೋಗಿ ನೋಡಿಬಂದಳು.

ಸೈನ್ಸೋ ನರ್ಸಿಂಗೋ ಅನ್ನುವ ಜಗಳ ಮನೆಯಲ್ಲಿ ಮುಗಿದಿರಲಿಲ್ಲ, ಇನ್ನೂ ನಡೆಯುತ್ತಲೇ ಇತ್ತು. ಅದರ ನಡುವೆ ಒಂದು ಭಾನುವಾರ ಶೈಲಾ, "ಅವ್ವಾ, ಆ ಅಜ್ಜೀನ ನೋಡ್ಕೊಂಡು ಬರೋಣ" ಅಂದಳು.

"ಮತ್ತ ಅಲ್ಲಿಗಾ?"

"ಕೆಲಸಕ್ಕಲ್ಲ. ಸುಮ್ನೆ."

ಸುವರ್ಣಾ ಸೆರಗು ಸರಿಮಾಡಿಕೊಂಡು ಹೊರಟಳು.

ಭಾನುವಾರದ ಹಾಲಿನಲ್ಲಿ ಒಂದೆರಡು ಮಂಚಗಳ ಬಳಿ ಮಾತ್ರ ಮನೆಯವರು ಬಂದು ಕೂತಿದ್ದರು. ಕಿಟಕಿ ಪಕ್ಕದ ಅಜ್ಜಿ ಎಚ್ಚರವಾಗಿದ್ದಳು. ಶೈಲಾಳನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಕೋಟೆಲ್ಲಿ? ಕೆಲಸಕ್ಕೆ ಬಂದ್ಯಾ?"

"ಇಲ್ಲ ಅಜ್ಜಿ. ಸುಮ್ನೆ ನಿಮ್ಮನ್ನ ನೋಡೋಕೆ ಬಂದೆ. ಇವ್ರು ನಮ್ಮಮ್ಮ."

ಅಜ್ಜಿ ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ಅಳೆದಳು. "ಸುಮ್ನೆ ಯಾರು ಬರ್ತಾರೆ? ನಿಜ ಹೇಳಿ, ಏನ್ ಬೇಕು ನಿಮ್ಗೆ?"

ಶೈಲಾ ತಾಯಿಯ ಮುಖ ನೋಡಿದಳು. ಇಷ್ಟು ವಾರಗಳಿಂದ ಕಂಡಕಂಡವರನ್ನೆಲ್ಲ ಇದೇ ಪ್ರಶ್ನೆ ಕೇಳುತ್ತ ಬಂದಿದ್ದ ಸುವರ್ಣಾ ಮಂಚದ ಕಂಬಿ ಹಿಡಿದಳು.

"ಏನೂ ಬ್ಯಾಡ್ರಿ ಯವ್ವಾ," ಅಂದಳು.

ಅಜ್ಜಿ ನಂಬಲಿಲ್ಲ. ಅದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು. ಆದರೂ ಹೊದಿಕೆಯೊಳಗೆ ಕಾಲು ಮೆಲ್ಲಗೆ ಮಡಿಸಿಕೊಂಡು, ಮಂಚದ ತುದಿಯಲ್ಲಿ ಇಬ್ಬರಿಗೆ ಕೂರುವಷ್ಟು ಜಾಗ ಬಿಟ್ಟಳು.